ಗೆಳೆಯನಿಗೊಂದು ಪತ್ರ: ಕಡಲಂಚಿನ ಚಿಪ್ಪಿಲ್ಲದ ಬಸವನಹುಳುಗಳನ್ನು ಗುರುತಿಸುವುದು

ಮಾಟುಂಗ, ಮುಂಬಯಿ

ಪ್ರಿಯ ಶ್ರೀಧರ,

ಗೋವಾದ ವಾಸ್ಕೋದಿಂದ ನೀನು ಕಳುಹಿಸಿದ ಎರಡು ಚಿತ್ರಗಳನ್ನೂ ನೋಡಿದೆ. ಬರಿಯ ಬಂಡೆಯ ಮೇಲೆ ತೆವಳುತ್ತಿರುವ, ಮೈತುಂಬ ಗಂಟುಗಳಿರುವ ಬೂದು ಬಣ್ಣದ ಜೀವಿ ಪೆರೋನಿಯಾ ಕುಲಕ್ಕೆ ಸೇರಿದ್ದೆಂದು ತೋರುತ್ತದೆ. ಅದು ನ್ಯೂಡಿಬ್ರಾಂಕ್, ಅಂದರೆ ಕಡಲ ನೀರಿನಲ್ಲೇ ಉಸಿರಾಡುವ ಚಿಪ್ಪಿಲ್ಲದ ಬಸವನಹುಳು, ಅಲ್ಲ. ಗಾಳಿಯನ್ನೇ ಉಸಿರಾಡುವ ಅದು ನೀರು ಇಳಿದಾಗ ಮೇಯಲು ಹೊರಬರುತ್ತದೆ. ಅದರ ಬೆನ್ನಿನ ಮೇಲೂ ಪುಟ್ಟ ಕಣ್ಣುಗಳಿರುತ್ತವೆ.

ನೀನು ಅಂಗೈ ಮೇಲಿಟ್ಟು ಚಿತ್ರ ತೆಗೆದ, ಕಿತ್ತಳೆ ಬಣ್ಣದ ಎರಡನೆಯದಕ್ಕೆ ಮಾತ್ರ ಹೆಸರು ಹೇಳಲಾರೆ. ಹಾಗೆ ಎತ್ತಿಕೊಂಡಾಗ ಆ ಮೃದು ದೇಹ ಕುಸಿದು ಮುದ್ದೆಯಾಗುತ್ತದೆ, ಗುರುತಿಗೆ ಬೇಕಾದ ಅಂಗಗಳು ಕಾಣದಾಗುತ್ತವೆ, ಪ್ರಾಣಿಗೂ ಹಿಂಸೆಯಾಗುತ್ತದೆ. ಬಣ್ಣವೊಂದನ್ನೇ ನಂಬುವಂತಿಲ್ಲ; ಒಂದೇ ಪ್ರಭೇದದೊಳಗೆ ಬಣ್ಣ ಬದಲಾಗುವುದೂ ಉಂಟು, ಬೇರೆ ಬೇರೆ ಪ್ರಭೇದಗಳು ಒಂದೇ ಬಗೆಯ ಎಚ್ಚರಿಕೆಯ ಬಣ್ಣ ತೊಡುವುದೂ ಉಂಟು.

ಮೊದಲು ನೋಡಬೇಕಾದದ್ದು ಮೈಕಟ್ಟು. ತಲೆಯ ಮೇಲೆ ವಾಸನೆಯ ಜಾಡು ಹಿಡಿಯುವ ರೈನೋಫೋರ್ ಎಂಬ ಜೋಡಿ ಕೊಂಬುಗಳಿದ್ದು, ಬೆನ್ನಿನ ಹಿಂಭಾಗದಲ್ಲಿ ಕಿವಿರುಗಳ ಗೊಂಚಲು ಅರಳಿದ್ದರೆ ಅದು ನ್ಯೂಡಿಬ್ರಾಂಕ್‌ಗಳಲ್ಲಿ ಡೋರಿಡ್ ಎಂಬ ಗುಂಪಿನದು. ಗೊಂಚಲಿಲ್ಲದೆ, ಬೆನ್ನುದ್ದಕ್ಕೂ ಸೆರಾಟಾ ಎಂಬ ಚಾಚಿಕೆಗಳಿದ್ದರೆ ಇಯೋಲಿಡ್ ಎಂಬ ಇನ್ನೊಂದು ಗುಂಪಿನದಿರಬಹುದು. ಇವಾವುವೂ ಇಲ್ಲದೆ ಕಾಗದದಷ್ಟು ತೆಳ್ಳಗಿದ್ದರೆ ಚಪ್ಪಟೆಹುಳುವೆಂದು ಶಂಕಿಸು.

ಆಮೇಲೆ, ಅದು ಕುಳಿತಿರುವ ಜಾಗವನ್ನು ನೋಡು. ನನಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇರೆ ಸಿಕ್ಕಿಲ್ಲ, ಏಕೆಂದರೆ ಈ ಜೀವಿಗಳಲ್ಲಿ ಬಹುಪಾಲಿಗೆ ಊಟದಲ್ಲಿ ಕಟ್ಟುನಿಟ್ಟು ಹೆಚ್ಚು. ಅನೇಕ ಡೋರಿಡ್‌ಗಳು ಬಂಡೆಗೆ ಅಂಟಿ ಬೆಳೆಯುವ ಸ್ಪಂಜು ಪ್ರಾಣಿಗಳನ್ನು ತಿನ್ನುತ್ತವೆ. ಹೈಡ್ರಾಯ್ಡ್‌ಗಳೆಂಬ ಕುಟುಕುವ ಪುಟ್ಟ ಕಡಲಜೀವಿಗಳನ್ನು ತಿನ್ನುವ ಇಯೋಲಿಡ್‌ಗಳು ಅವುಗಳ ಕುಟುಕು ಕಣಗಳನ್ನು ಸಿಡಿಯಗೊಡದೆ ನುಂಗಿ, ಸೆರಾಟಾಗಳ ತುದಿಯಲ್ಲಿ ಕೂಡಿಟ್ಟು, ಸ್ವಂತ ರಕ್ಷಣೆಗೆ ಬಳಸುತ್ತವೆ. ಎಲಿಸಿಯಾ ಕುಲದವು ಪಾಚಿಯ ರಸ ಹೀರುತ್ತವೆ. ಅವುಗಳಲ್ಲಿ ಕೆಲವು ಪಾಚಿಯ ಕ್ಲೋರೋಪ್ಲಾಸ್ಟ್‌ಗಳನ್ನು, ಅಂದರೆ ಬಿಸಿಲಿನಿಂದ ಆಹಾರ ತಯಾರಿಸುವ ಹಸಿರು ಕಣಗಳನ್ನು, ಜೀವಂತವಾಗಿಯೇ ಮೈಯೊಳಗೆ ಇರಿಸಿಕೊಳ್ಳುತ್ತವೆ. ಇದನ್ನು ಓದಿದಾಗಲೆಲ್ಲ ನನ್ನ ಬೆರಗು ಹೊಸದಾಗುತ್ತದೆ. ಹತ್ತಿರದಲ್ಲಿ ಸುರುಳಿಯಾಗಿ ಅಂಟಿರುವ ಮೊಟ್ಟೆಗಳ ಪಟ್ಟಿಯಿದ್ದರೆ ಅದನ್ನೂ ಚಿತ್ರದಲ್ಲಿ ಹಿಡಿ.

ನಮ್ಮ ನಗರದ ಹೆಸರನ್ನೇ ಹೊತ್ತ ಒಂದು ಪ್ರಭೇದವೂ ಇದೆ: 1946ರಲ್ಲಿ ಪ್ರಾಣಿಶಾಸ್ತ್ರಜ್ಞ ವಿಂಕ್‌ವರ್ತ್ ವಿವರಿಸಿದ, ಈಗ ಗೋನಿಯೋಬ್ರಾಂಕಸ್ ಬೊಂಬಾಯಾನಸ್ ಎನಿಸಿಕೊಂಡಿರುವ ಡೋರಿಡ್. ಇಷ್ಟು ಜನಸಂದಣಿಯ ದಡದಲ್ಲಿ ಇಂಥ ಜೀವಿಗಳು ಉಳಿದಿರುವುದು ನನಗೆ ದೊಡ್ಡ ಸಂಗತಿ.

ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಮುಂಬಯಿಯ ದೊಡ್ಡ ಇಳಿತ ಬೆಳಗ್ಗೆ, ಸಂಜೆ ಆರರ ಸುಮಾರಿಗೆ ಬರುತ್ತದೆ. ನಿಮ್ಮಲ್ಲಿ ಏರಿಳಿತ ಇಷ್ಟಿಲ್ಲ; ಆದುದರಿಂದ ಅಂಜುನಾದ ಬಂಡೆಗಳತ್ತ ಹೋಗುವ ಮುನ್ನ ಅಲ್ಲಿನ ಸಮಯಪಟ್ಟಿ ನೋಡಿಕೋ. ನೀರು ತುಂಬಿದ ಗುಂಡಿಯಲ್ಲಿ ಜೀವಿ ಇದ್ದಲ್ಲಿಯೇ ಮೇಲಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆ; ಅಳತೆ ತಿಳಿಯಲು ಪಕ್ಕದಲ್ಲಿ ಪಟ್ಟಿ ಹಿಡಿ; ಮಗುಚಿದ ಕಲ್ಲನ್ನು ಮೊದಲಿದ್ದಂತೆಯೇ ಇಡು. ಆ ಚಿತ್ರಗಳನ್ನು ಕಳುಹಿಸು, ಕೂತು ನೋಡೋಣ.

ನಿನ್ನ,
ರಘು