ದೊರೆಗಳ ಬೇಟೆ ಕಥೆ ಬಿಟ್ಟು ಹಾಜರಿ ಪುಸ್ತಕ ನೋಡು

ಪ್ರೀತಿಯ ಗೆಳೆಯ,

ಕಾಫಿ ಸೀಮೆಯ ಬಿಳಿ ದೊರೆಗಳು ಬೇಟೆ ಆಡ್ಕೊಂಡು, ಬಂಗಲೆ ಜಗಲಿಯಲ್ಲಿ ಕಾಲು ಚಾಚ್ಕೊಂಡು ಕಾಲ ಕಳೆದರು ಅಂತ ಬರೆದಿದ್ದೀಯ. ಬೇಟೆ ಸುಳ್ಳಲ್ಲ. ಆದರೆ 1860ರ ಸುಮಾರಿಗೆ ಕೊಡಗಿನಲ್ಲೋ, ಸಕಲೇಶಪುರದ ಕಡೆಯ ಮಂಜರಾಬಾದಿನಲ್ಲೋ ಒಂದು ದೊಡ್ಡ ತೋಟ ನಡೆಸುವುದೆಂದರೆ ಮುಖ್ಯವಾಗಿ ಆಳು ಎಣಿಸುವ ಕೆಲಸ. ಗಿಡ ಆಮೇಲೆ.

ಬೆಳಗಾಗುತ್ತಲೇ ಹಾಜರಿ. ಲೈನ್ ಮನೆಗಳಿಂದ, ಅಂದರೆ ಆಳುಗಳ ಸಾಲುಮನೆಗಳಿಂದ, ಆಳುಗಳು ಬಂದು ನಿಲ್ಲಬೇಕು, ಆಳು ಕರೆತಂದ ಮೇಸ್ತ್ರಿ ತನ್ನ ಗುಂಪು ತೋರಿಸಬೇಕು, ರೈಟರು, ಅಂದರೆ ತೋಟದ ಗುಮಾಸ್ತ, ಚೆಕ್‌ರೋಲ್ ಎಂಬ ಹಾಜರಿ ಪುಸ್ತಕದಲ್ಲಿ ಗುರುತು ಹಾಕಬೇಕು. ಯಾರಿಗೆ ಜ್ವರ, ಯಾರು ರಾತ್ರೋರಾತ್ರಿ ಊರಿಗೆ ಹೋದರು, ಎಲ್ಲ ಆಗಲೇ ಗೊತ್ತಾಗುವುದು. ಆಮೇಲೆ ಇಷ್ಟು ಜನ ಕಳೆಗೆ, ಇಷ್ಟು ಜನ ಗುಂಡಿ ತೆಗೆಯೋಕೆ, ಇಷ್ಟು ಜನ ಕಂಬಚಿಗುರು (ಗಿಡದಲ್ಲಿ ನೆಟ್ಟಗೆ ಏಳುವ ಬೇಡದ ಚಿಗುರು) ಮುರಿಯೋಕೆ ಅಂತ ಹಂಚಬೇಕು. ಆರಡಿಗೊಂದು ಗಿಡ ಅಂದರೆ ಎಕರೆಗೆ 1,210. ನೂರು ಎಕರೆಗೆ ಲೆಕ್ಕ ಹಾಕ್ಕೋ. ಅಷ್ಟೂ ಗಿಡದ ಮೇಲೆ ವರ್ಷಕ್ಕೆ ಹಲವು ಸಲ ಕೈಯಾಡಬೇಕು.

ಆ ಜನ ಬರುತ್ತಿದ್ದದ್ದು ಬಯಲುಸೀಮೆಯಿಂದ, ಘಟ್ಟದ ಕೆಳಗಿನಿಂದ. ತೋಟದವರು ಮೇಸ್ತ್ರಿಗೆ ಮುಂಗಡ ಕೊಡುತ್ತಿದ್ದರು, ಅವನು ಊರೂರು ಸುತ್ತಿ ಹಂಚಿ ಆಳು ಕರೆತರುತ್ತಿದ್ದ. ಮ್ಯಾನೇಜರನ ನಿದ್ದೆ ಕೆಡಿಸಿದ್ದು ಹುಲಿಯಲ್ಲ, ಈ ಮುಂಗಡ. ದುಡ್ಡು ತಗೊಂಡು ಮೇಸ್ತ್ರಿಯೇ ನಾಪತ್ತೆಯಾದರೆ? ಒಬ್ಬನೇ ಆಳು ಎರಡು ತೋಟದಿಂದ ಮುಂಗಡ ತಗೊಂಡಿದ್ದರೆ? 1859ರ 13ನೇ ಕಾಯಿದೆ ಪ್ಲಾಂಟರುಗಳ ಕೈಗೆ ಸಿಕ್ಕಿದ ದೊಡ್ಡ ಅಸ್ತ್ರ. ಮುಂಗಡ ತಗೊಂಡು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ದುಡ್ಡೂ ಕೊಡಲ್ಲ, ಕೆಲಸಕ್ಕೂ ಬರಲ್ಲ ಅಂದರೆ ಮೂರು ತಿಂಗಳವರೆಗೆ ಜೈಲು. ಕೂಲಿ ಕೊಡದೆ ಸತಾಯಿಸಿದ ಧಣಿಗೆ ಅದರಲ್ಲಿ ಶಿಕ್ಷೆಯೇ ಇರಲಿಲ್ಲ! ಈ ಕಾಯಿದೆ 1920ರ ದಶಕದವರೆಗೂ ಉಳಿದಿತ್ತು. ಬಂಗಲೆಯ ಸೊಗಸು ಹೊಗಳುವವರು ಇದನ್ನು ಯಾಕೋ ಮರೆತುಬಿಡ್ತಾರೆ.

ಹೂ ಅರಳಿಸುವ ಹೂಮಳೆಗೆ ಕಾಯುವುದು, ಗಿಡ ಸವರುವ ಕಪಾತು, ನೆರಳುಮರದ ಕೊಂಬೆ ಕಡಿಯುವ ಮರಗಸಿ ಎಲ್ಲ ನಿನಗೆ ಗೊತ್ತಿರುವುದೇ. ಕುಯ್ಲಿನ ದಿನಗಳಲ್ಲಿ ಮಾತ್ರ ಉಸಿರಾಡಲೂ ಪುರುಸೊತ್ತಿಲ್ಲ. ಸಂಜೆ ಹಣ್ಣು ಅಳೆದು, ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರಿಗೆ ಹಾಕಬೇಕು, ತಡವಾದರೆ ಹಣ್ಣು ಕೆಡುತ್ತದೆ. ತೊಟ್ಟಿಯಲ್ಲಿ ಲೋಳೆ ಬಿಡಿಸಿ, ತೊಳೆದು, ಕಣದಲ್ಲಿ ಹರವಬೇಕು. ಮೋಡ ಕಂಡರೆ ಓಡಿ ಬಾಚಿಡಬೇಕು. ಒಣಗಿದ್ದು ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಮಂಗಳೂರಿಗೋ ತಲಶ್ಶೇರಿಗೋ ಹೋಗುತ್ತಿತ್ತು.

ಇಷ್ಟೆಲ್ಲ ಲೆಕ್ಕ ಇಟ್ಟವರು ಮರದ ವಿಷಯದಲ್ಲಿ ಎಡವಿದರು. ಎಷ್ಟೋ ತೋಟಗಳಲ್ಲಿ ಕಾಡು ಪೂರ್ತಿ ಕಡಿದು, ಸುಟ್ಟು, ಬಟ್ಟಬಯಲಿನಲ್ಲಿ ಕಾಫಿ ಹಾಕಿದರು. 1860ರ ದಶಕದ ಕೊನೆಗೆ ಗಿಡದ ಕಾಂಡ ಕೊರೆಯುವ ಹುಳು, ಕಾಂಡಕೊರಕ, ನುಗ್ಗಿತು. ಜಾರ್ಜ್ ಬೈಡಿ ಎಂಬ ವೈದ್ಯರು ಈ ಹಾವಳಿಯನ್ನು ವಿಚಾರಿಸಿ ಬರೆದ ವರದಿ 1869ರಲ್ಲಿ ಅಚ್ಚಾಯಿತು. ಬಿಸಿಲು ಬೀಳುವ ತೋಟಗಳಲ್ಲೇ ಹಾನಿ ಜಾಸ್ತಿ. ಮಂಜರಾಬಾದಿನ ಪ್ಲಾಂಟರ್ ರಾಬರ್ಟ್ ಎಲಿಯಟ್ ನೆರಳು ಬೇಕೇ ಬೇಕು ಅಂತ ವಾದಿಸಿದವರಲ್ಲಿ ಒಬ್ಬ. ನಮ್ಮ ರೈತರು ಮೊದಲಿಂದಲೂ ಕಾಡುಮರದ ಕೆಳಗೇ ಕಾಫಿ ಬೆಳೆಯುತ್ತಿದ್ದರು. ಅವರನ್ನು ಕೇಳಿದ್ದರೆ ಹೇಳುತ್ತಿದ್ದರು, ಅಲ್ವಾ?

ನಿನಗೆ ಯಾವುದಾದರೂ ಹಳೇ ತೋಟದ ಪುಸ್ತಕ ಸಿಕ್ಕರೆ ಹುಲಿ ಚರ್ಮದ ಫೋಟೊ ಆಮೇಲೆ ಕಳಿಸು. ಮುಂಗಡದ ಪುಟ ಮೊದಲು.

ಇಂತಿ ನಿನ್ನ
ಗೆಳೆಯ