ಯಂತ್ರಕ್ಕೆ ಮೊದಲ ಗಿರಾಕಿ ಯಾರು? ಚಿಕ್ಕಮಗಳೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರಗಳು.

2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಜಾಗತಿಕ ಹೂಡಿಕೆದಾರರ ಸಮಾವೇಶ ನಡೆದಾಗ ರಾಜ್ಯ ಸರ್ಕಾರವು 2030ರವರೆಗಿನ ಹೊಸ ಕೈಗಾರಿಕಾ ನೀತಿಯನ್ನು ಪ್ರಕಟಿಸಿತು. 7.5 ಲಕ್ಷ ಕೋಟಿ ರೂಪಾಯಿ ಬಂಡವಾಳ, 20 ಲಕ್ಷ ಉದ್ಯೋಗ ಅದರ ಗುರಿ. ಗುರಿಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಸಾವಿರಾರು ಕೋಟಿಯ ಕಾರ್ಖಾನೆ ಚಿಕ್ಕಮಗಳೂರಿಗೆ ಬರುವ ಸಂಭವ ಕಡಿಮೆ, ಬಂದರೂ ಈ ಘಟ್ಟಸೀಮೆಗೆ ಅದು ಹೊಂದುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಇಲ್ಲಿ ಬೆಳೆಯಬೇಕಾದವು ಈಗಾಗಲೇ ಇರುವ ಉದ್ಯಮಗಳು: ಕಾಫಿ ಹುರಿದು ಪುಡಿ ಮಾಡುವವರು, ಕ್ಯೂರಿಂಗ್ (ಒಣಗಿದ ಕಾಫಿಯ ಹೊಟ್ಟು ತೆಗೆದು ಬೀಜ ವಿಂಗಡಿಸುವ ಕೆಲಸ) ಮಾಡುವವರು, ಮೆಣಸು ಏಲಕ್ಕಿ ಸಂಸ್ಕರಿಸುವವರು, ಮತ್ತು ಇವರಿಗೆಲ್ಲ ಬೇಕಾದ ಯಂತ್ರಗಳನ್ನು ಮಾಡಿಕೊಡುವ ನನ್ನಂಥ ವರ್ಕ್‌ಶಾಪಿನವರು. ಇವರು ಹೊಸದೇನನ್ನಾದರೂ ಮಾಡಿ ಬೆಳೆಯಲು ಏನು ಬೇಕೆಂಬುದನ್ನು ಜಿಲ್ಲೆಯ ಪ್ರಗತಿ ಪರಿಶೀಲನಾ ಸಭೆಯ ಅಧ್ಯಕ್ಷರಾದ ತಮ್ಮ ಗಮನಕ್ಕೆ ತರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮದು ಲೇತ್, ವೆಲ್ಡಿಂಗ್ ಮತ್ತು ಶೀಟ್ ಬಗ್ಗಿಸುವ ಯಂತ್ರಗಳಿರುವ ಚಿಕ್ಕ ಘಟಕ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಒಣಗಿಸುವ ಯಂತ್ರ, ಮೆಣಸು ಬಿಡಿಸುವ ಯಂತ್ರ ಇವು ನಮ್ಮ ಕಸುಬು. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ವ್ಯಾಖ್ಯೆಯ ಪ್ರಕಾರ 2.5 ಕೋಟಿ ರೂಪಾಯಿವರೆಗೆ ಹೂಡಿಕೆ, 10 ಕೋಟಿಯವರೆಗೆ ವಹಿವಾಟು ಇರುವ ಉದ್ಯಮ ಸೂಕ್ಷ್ಮ ಉದ್ಯಮ ಎನಿಸಿಕೊಳ್ಳುತ್ತದೆ. ನಾವು ಆ ಮಿತಿಯ ಬಹಳ ಕೆಳಗೆ ಇದ್ದೇವೆ. ಕಾಗದದ ಮೇಲೆ ನಮಗೂ, ನಮಗಿಂತ ಎಷ್ಟೋ ಪಟ್ಟು ದೊಡ್ಡ ಘಟಕಕ್ಕೂ ಒಂದೇ ಹೆಸರು.

ನಾವೀನ್ಯ ಎಂದೊಡನೆ ಸಭೆಗಳಲ್ಲಿ ಆ್ಯಪ್, ಡ್ರೋನ್, ಕೃತಕ ಬುದ್ಧಿಮತ್ತೆಗಳ ಮಾತು ಬರುತ್ತದೆ. ಅವೂ ಬೇಕು. ಆದರೆ ನಮ್ಮ ಕಡೆ ಹೊಸತನ ಹುಟ್ಟುವ ರೀತಿಯನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಪಲ್ಪರಿನಲ್ಲಿ ತಿರುಗುವ ತಾಮ್ರದ ಸಿಲಿಂಡರಿನ ಮೈಮೇಲೆ ಸಣ್ಣ ಸಣ್ಣ ಉಬ್ಬುಗಳಿರುತ್ತವೆ, ಅದರ ಎದುರಿಗೆ ಒಂದು ಪ್ಲೇಟು. ಹಣ್ಣು ಇವೆರಡರ ನಡುವೆ ಸಿಕ್ಕಿ ಸಿಪ್ಪೆ ಕಳಚಿಕೊಂಡು ಬೀಜ ಹೊರಬರಬೇಕು. ನಡುವಿನ ಅಂತರ ಒಂದಿಷ್ಟು ಹೆಚ್ಚಾದರೆ ಹಣ್ಣು ಸಿಪ್ಪೆ ಬಿಡದೆ ಹಾಗೇ ಜಾರಿಹೋಗುತ್ತದೆ, ಕಡಿಮೆಯಾದರೆ ಬೀಜಕ್ಕೆ ಏಟು ಬೀಳುತ್ತದೆ. ಏಟು ಬಿದ್ದ ಬೀಜ ಕ್ಯೂರಿಂಗ್‌ನಲ್ಲಿ ಬೇರೆಯಾಗಿ ಬೀಳುತ್ತದೆ, ಬೆಳೆಗಾರನಿಗೆ ದರದಲ್ಲಿ ನಷ್ಟ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯು 2007ರಲ್ಲಿ ಬಿಡುಗಡೆ ಮಾಡಿದ ಚಂದ್ರಗಿರಿ ತಳಿ ತೋಟಗಳಿಗೆ ಹಬ್ಬಿದ ಮೇಲೆ ಈ ಹೊಂದಾಣಿಕೆ ಇನ್ನೂ ಸೂಕ್ಷ್ಮವಾಯಿತು, ಏಕೆಂದರೆ ಅದರ ಬೀಜ ಹಳೆಯ ತಳಿಗಳಿಗಿಂತ ದಪ್ಪ. ಒಂದೇ ತೋಟದಲ್ಲಿ ಎರಡು ಮೂರು ತಳಿ ಇರುವಾಗ ಒಂದೇ ಅಂತರದಲ್ಲಿ ಯಂತ್ರ ಓಡಿಸಲಾಗದು. ಕೊಯ್ಲಿನ ನಡುವೆ ತೋಟದ ಲೆಕ್ಕ ಬರೆಯುವ ರೈಟರೋ ಮೇಸ್ತ್ರಿಯೋ ಸುಲಭವಾಗಿ ಬದಲಿಸಿಕೊಳ್ಳುವಂಥ ಹೊಂದಾಣಿಕೆಯನ್ನು ಈ ಊರಿನ ವರ್ಕ್‌ಶಾಪುಗಳೇ ಮಾಡಿಕೊಡುತ್ತಾ ಬಂದಿವೆ. ಬೆಳೆಗಾರ ಕಷ್ಟ ಹೇಳಿದ, ಲೇತಿನವನು ಕೇಳಿಸಿಕೊಂಡ, ಮುಂದಿನ ಕೊಯ್ಲಿಗೆ ಯಂತ್ರ ಬದಲಾಯಿತು. ಯಾವ ಯೋಜನೆಯ ಲೆಕ್ಕಕ್ಕೂ ಬಾರದ ಸಂಶೋಧನೆ ಇದು.

ಇಂಥ ಕೆಲಸದ ಅಗತ್ಯ ಈಗ ಇನ್ನೂ ಹೆಚ್ಚಾಗಿದೆ. 2021ರ ನವೆಂಬರ್ ತಿಂಗಳ ಅಕಾಲಿಕ ಮಳೆಯಲ್ಲಿ ಹಣ್ಣಾದ ಅರೇಬಿಕಾ ಗಿಡದಲ್ಲೇ ಒಡೆದು ಉದುರಿದ್ದು, ಕಣದಲ್ಲಿ ಹರಡಿದ್ದ ಕಾಫಿಯ ಮೇಲೆ ಟಾರ್ಪಾಲು ಎಳೆಯುವುದು ತೆಗೆಯುವುದೇ ಕೆಲಸವಾದದ್ದು ಎಲ್ಲ ಬೆಳೆಗಾರರಿಗೂ ನೆನಪಿದೆ. ಬಿಸಿಲನ್ನು ನಂಬಿ ಕಾಫಿ ಒಣಗಿಸುವ ಕಾಲ ಹೋಗುತ್ತಿದೆ. ದೊಡ್ಡ ಎಸ್ಟೇಟುಗಳು ವಿದೇಶದಿಂದ ಡ್ರೈಯರ್ ತರಿಸಿಕೊಳ್ಳಬಲ್ಲವು. ನಾಲ್ಕೈದು ಎಕರೆಯವನಿಗೆ ಅವು ಬೆಲೆಯಲ್ಲೂ ಗಾತ್ರದಲ್ಲೂ ನಿಲುಕುವುದಿಲ್ಲ. ತೋಟದಲ್ಲೇ ಸಿಗುವ ಸಿಲ್ವರ್ ಓಕ್ ಸೌದೆ ಅಥವಾ ಕಾಫಿ ಹೊಟ್ಟಿನಿಂದ ಓಡುವ, ಹೊಗೆಯ ವಾಸನೆ ಬೀಜಕ್ಕೆ ಅಂಟದ, ಎರಡು ಮೂರು ತೋಟದವರು ಸೇರಿ ಇಟ್ಟುಕೊಳ್ಳಬಹುದಾದ ಸಣ್ಣ ಡ್ರೈಯರ್ ಬೇಕು. ಹಾಗೆಯೇ ಕಡಿಮೆ ನೀರಿನಲ್ಲಿ ಸಿಪ್ಪೆಯನ್ನೂ ಲೋಳೆಯನ್ನೂ ತೆಗೆಯುವ ಪಲ್ಪರ್ ಬೇಕು. ತುಂಗಾ, ಭದ್ರಾ, ಹೇಮಾವತಿ ಮೂರೂ ನದಿಗಳು ಹುಟ್ಟುವ ಜಿಲ್ಲೆ ನಮ್ಮದು. ಪಲ್ಪಿಂಗ್ ನೀರು ಹಳ್ಳ ಸೇರದಂತೆ ಮಾಡುವ ಯಂತ್ರದಿಂದ ಕೆಳಗಿನ ಜಿಲ್ಲೆಗಳಿಗೂ ಉಪಕಾರವಿದೆ.

ಇಂಥ ಯಂತ್ರದ ಮಾದರಿಗಳನ್ನು ಮಾಡಿಟ್ಟುಕೊಂಡವರು ನಮ್ಮಲ್ಲಿದ್ದಾರೆ. ಆದರೆ ಮಾದರಿಯಿಂದ ಮಾರಾಟಕ್ಕೆ ಹೋಗುವ ದಾರಿಯಲ್ಲಿ ಮೊದಲ ಅಡ್ಡಿ ಪರೀಕ್ಷಾ ವರದಿ. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನದಡಿ ರೈತನಿಗೆ ಸಹಾಯಧನ ಸಿಗಬೇಕಾದರೆ ಯಂತ್ರಕ್ಕೆ ಅಧಿಕೃತ ಕೇಂದ್ರದ ವರದಿ ಇರಬೇಕು. ನಿಯಮ ಸರಿಯಾಗಿಯೇ ಇದೆ, ಕಳಪೆ ಯಂತ್ರಕ್ಕೆ ಸಾರ್ವಜನಿಕ ಹಣ ಹೋಗಬಾರದು. ಆದರೆ ಕೇಂದ್ರ ಕೃಷಿ ಇಲಾಖೆಯ ನಾಲ್ಕು ಪರೀಕ್ಷಾ ಸಂಸ್ಥೆಗಳಿರುವುದು ಮಧ್ಯಪ್ರದೇಶದ ಬುದ್ನಿ, ಹರಿಯಾಣದ ಹಿಸ್ಸಾರ್, ಅಸ್ಸಾಮಿನ ಬಿಸ್ವನಾಥ್ ಚಾರಿಯಾಲಿ ಮತ್ತು ಆಂಧ್ರದ ಅನಂತಪುರದ ಬಳಿಯ ಗಾರ್ಲದಿನ್ನೆಯಲ್ಲಿ. ನಮಗೆ ಹತ್ತಿರವಿರುವುದು ಗಾರ್ಲದಿನ್ನೆ. ಟಿಲ್ಲರ್, ಕಳೆ ಕತ್ತರಿಸುವ ಯಂತ್ರಗಳನ್ನು ಅಲ್ಲಿ ಪರೀಕ್ಷಿಸಬಹುದು. ಪಲ್ಪರನ್ನು ಹೇಗೆ ಪರೀಕ್ಷಿಸುವುದು? ಕೊಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡದಿದ್ದರೆ ಹುಳಿ ಬರುತ್ತದೆ. ಬಯಲುಸೀಮೆಯಲ್ಲಿ ಕಾಫಿ ಹಣ್ಣು ಸಿಗುವುದಿಲ್ಲ, ಇಲ್ಲಿಂದ ಲಾರಿಯಲ್ಲಿ ಒಯ್ದರೆ ಪರೀಕ್ಷೆಗೆ ಯೋಗ್ಯವಾಗಿ ಉಳಿಯುವುದಿಲ್ಲ. ಕಾಫಿಯ ಯಂತ್ರವನ್ನು ಕಾಫಿಯ ಸೀಮೆಯಲ್ಲೇ, ಕೊಯ್ಲಿನ ತಿಂಗಳಲ್ಲೇ ಪರೀಕ್ಷಿಸಬೇಕು. ಒಂದು ಕೊಯ್ಲು ತಪ್ಪಿದರೆ ಇಡೀ ವರ್ಷ ಹೋಯಿತು.

ಇದಕ್ಕೆ ಬೇಕಾದ ಜನ, ಜಾಗ ಎರಡೂ ಜಿಲ್ಲೆಯಲ್ಲೇ ಇವೆ. ಬಾಳೆಹೊನ್ನೂರಿನ ಸಂಸ್ಥೆ 1925ರಲ್ಲಿ ಪ್ರಯೋಗ ಕೇಂದ್ರವಾಗಿ ಆರಂಭವಾದದ್ದು, ಅಲ್ಲಿ ಹಣ್ಣಿದೆ, ಕಣವಿದೆ, ಬೀಜದ ಗುಣ ನೋಡಬಲ್ಲವರಿದ್ದಾರೆ. ಮೂಡಿಗೆರೆಯಲ್ಲಿ ತೋಟಗಾರಿಕಾ ಕಾಲೇಜಿದೆ. ಚಿಕ್ಕಮಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಪಕ್ಕದ ಹಾಸನದಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಮತ್ತು ನಿಖರ ಬಿಡಿಭಾಗ ಮಾಡಿಕೊಡಬಲ್ಲ ಸರ್ಕಾರಿ ಟೂಲ್ ರೂಮ್ ಇವೆ. ಇವರೆಲ್ಲ ಒಟ್ಟಿಗೆ ಕುಳಿತು ಪ್ರತಿ ಕೊಯ್ಲಿನಲ್ಲಿ ಕೆಲವು ವಾರ ಸ್ಥಳೀಯ ಯಂತ್ರಗಳನ್ನು ಪರೀಕ್ಷೆಗೊಡ್ಡಿ, ಗಂಟೆಗೆ ಎಷ್ಟು ಹಣ್ಣು, ಎಷ್ಟು ನೀರು, ಏಟು ಬಿದ್ದ ಬೀಜ ಶೇಕಡಾ ಎಷ್ಟು, ಒಣಗಿಸುವುದಾದರೆ ಎಷ್ಟು ಸೌದೆಗೆ ತೇವಾಂಶ ಎಲ್ಲಿಗೆ ಇಳಿಯಿತು ಎಂದು ಬರೆದುಕೊಟ್ಟರೆ ಸಾಕು. ಅದನ್ನು ಅಧಿಕೃತ ವರದಿಯೆಂದು ಒಪ್ಪಿಸುವ ಕೆಲಸ ಮಾತ್ರ ನಮ್ಮಿಂದಾಗದು. ಕಾಫಿ ಮಂಡಳಿ ಕೇಂದ್ರ ವಾಣಿಜ್ಯ ಸಚಿವಾಲಯದ ಅಧೀನದಲ್ಲಿದೆ, ತೋಟಗಾರಿಕೆ ಮತ್ತು ಕೃಷಿ ಇಲಾಖೆಗಳು ತಮ್ಮ ಸರ್ಕಾರದವು, ಜಿಲ್ಲಾ ಕೈಗಾರಿಕಾ ಕೇಂದ್ರ ಇನ್ನೊಂದು ಇಲಾಖೆಯದು. ಇವರನ್ನೆಲ್ಲ ಒಂದೇ ಮೇಜಿಗೆ ಕರೆಯುವ ಅಧಿಕಾರ ಜಿಲ್ಲೆಯಲ್ಲಿ ತಮಗಲ್ಲದೆ ಬೇರೆ ಯಾರಿಗೂ ಇಲ್ಲ.

ಎರಡನೆಯ ಅಡ್ಡಿ ಮೊದಲ ಗಿರಾಕಿಯದು. ಹೊಸ ಯಂತ್ರವನ್ನು ಕೊಳ್ಳುವ ಮುನ್ನ ಪ್ರತಿಯೊಬ್ಬರೂ ಕೇಳುವುದು ಒಂದೇ: ಬೇರೆ ಎಲ್ಲಿ ಓಡುತ್ತಿದೆ? ಬೆಳೆಗಾರ ಹಾಗೆ ಕೇಳುವುದರಲ್ಲಿ ತಪ್ಪಿಲ್ಲ, ಕೊಯ್ಲಿನ ನಡುವೆ ಯಂತ್ರ ನಿಂತರೆ ಅವನ ವರ್ಷದ ಅನ್ನಕ್ಕೇ ಸಂಚಕಾರ. ಸರ್ಕಾರವೂ ಹಾಗೆಯೇ ಕೇಳಿದರೆ ಹೊಸದು ಶುರುವಾಗುವುದು ಎಲ್ಲಿ? ಟೆಂಡರುಗಳಲ್ಲಿ ಇಷ್ಟು ವರ್ಷದ ಅನುಭವ, ಇಷ್ಟು ವಹಿವಾಟು, ಈ ಹಿಂದೆ ಇದೇ ಯಂತ್ರ ಪೂರೈಸಿದ ಪ್ರಮಾಣಪತ್ರ ಎಂದು ಕೇಳಿದೊಡನೆ ಊರಿನ ತಯಾರಕ ಹೊರಗೆ, ಹೊರರಾಜ್ಯದಿಂದ ತರಿಸಿ ಮಾರುವ ವ್ಯಾಪಾರಿ ಒಳಗೆ. ಕೇಂದ್ರ ಸರ್ಕಾರ 2012ರ ಖರೀದಿ ನೀತಿಯಲ್ಲಿ ತನ್ನ ಇಲಾಖೆಗಳು ಮತ್ತು ಉದ್ದಿಮೆಗಳು ವಾರ್ಷಿಕ ಖರೀದಿಯ ಶೇ. 25ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕೆಂದು ಹೇಳಿದೆ, ಗುಣಮಟ್ಟ ಕೆಡದಿದ್ದರೆ ಅನುಭವ, ವಹಿವಾಟಿನ ಷರತ್ತು ಸಡಿಲಿಸಲು ಅವಕಾಶವನ್ನೂ ಇಟ್ಟಿದೆ. ಆ ನೀತಿ ರಾಜ್ಯದ ಇಲಾಖೆಗಳನ್ನು ಕಟ್ಟಿಹಾಕುವುದಿಲ್ಲ. ಹಾಗಾಗಿ ಜಿಲ್ಲೆಯ ಯಂತ್ರ ಬಾಡಿಗೆ ಕೇಂದ್ರಗಳು ಮತ್ತು ಸಹಕಾರ ಸಂಘಗಳು ಪರೀಕ್ಷೆಯಲ್ಲಿ ತೇರ್ಗಡೆಯಾದ ಸ್ಥಳೀಯ ಯಂತ್ರಗಳಲ್ಲಿ ಕೆಲವನ್ನಾದರೂ ಮೊದಲು ತಾವೇ ಕೊಂಡು, ಒಂದು ಕೊಯ್ಲಿನ ಕಾಲ ಬೆಳೆಗಾರರಿಗೆ ಬಾಡಿಗೆಗೆ ಕೊಡುವಂತಾಗಲಿ. ಬೆಳೆಗಾರ ಕಣ್ಣಾರೆ ನೋಡಿದ ಮೇಲೆ ಮುಂದಿನ ವ್ಯಾಪಾರವನ್ನು ನಾವೇ ನೋಡಿಕೊಳ್ಳುತ್ತೇವೆ.

ನವೋದ್ಯಮಗಳಿಗೆ ಯೋಜನೆಗಳಿವೆಯಲ್ಲ ಎಂದು ಅಧಿಕಾರಿಗಳು ಹೇಳುವುದುಂಟು. ನಿಜ, ಇವೆ. ಆದರೆ ಕೇಂದ್ರದ ಸ್ಟಾರ್ಟ್‌ಅಪ್ ಮಾನ್ಯತೆಗೆ ಉದ್ಯಮವು ಕಂಪನಿಯಾಗಿಯೋ ನೋಂದಾಯಿತ ಪಾಲುದಾರಿಕೆಯಂಥ ಸಂಸ್ಥೆಯಾಗಿಯೋ ಇರಬೇಕು, ವಯಸ್ಸಿನ ಮಿತಿಯೂ ಉಂಟು. ತಂದೆಯ ಕಾಲದಿಂದ ಒಬ್ಬರ ಮಾಲೀಕತ್ವದಲ್ಲಿ ನಡೆದುಬಂದ ವರ್ಕ್‌ಶಾಪು ಎಷ್ಟು ಹೊಸ ಯಂತ್ರ ಮಾಡಿದರೂ ಆ ಬಾಗಿಲೊಳಗೆ ಹೋಗದು. ಹೊಸ ಉದ್ಯಮಕ್ಕೆ ಒಂದು ಯೋಜನೆ, ಹೊಸ ಯಂತ್ರ ಕೊಳ್ಳುವವನಿಗೆ ಇನ್ನೊಂದು, ಹಳೆಯ ಉದ್ಯಮದಲ್ಲಿ ಹೊಸದನ್ನು ಮಾಡುವ ನಮ್ಮಂಥವರಿಗೆ ಸುಲಭವಾಗಿ ನಿಲುಕುವುದು ಯಾವುದೂ ನನಗೆ ಕಂಡಿಲ್ಲ. ಮಾದರಿ ತಯಾರಿಸುವ ಖರ್ಚಿನ ಅರ್ಧದಷ್ಟನ್ನು ಭರಿಸುವ ಒಂದು ಸಣ್ಣ ನಿಧಿ ಜಿಲ್ಲಾ ಮಟ್ಟದಲ್ಲಿದ್ದರೂ ಸಾಕಾಗುತ್ತದೆ. ಅದಕ್ಕೆ ಕೋಟಿಗಳೇನೂ ಬೇಕಿಲ್ಲ.

ಇನ್ನು ಹಣದ ವಿಚಾರ, ಇದನ್ನು ಬಿಡಿಸಿ ಹೇಳದೆ ವಿಧಿಯಿಲ್ಲ. ನಮ್ಮ ವ್ಯಾಪಾರಕ್ಕೆ ಋತುವಿದೆ. ಮಳೆಗಾಲದಲ್ಲಿ ಆರ್ಡರು ಬರುತ್ತದೆ, ಶೀಟು, ಬೇರಿಂಗು, ಮೋಟರುಗಳನ್ನು ನಗದು ಕೊಟ್ಟು ತರುತ್ತೇವೆ, ಕೊಯ್ಲಿಗೆ ಮುನ್ನ ಯಂತ್ರ ತಲುಪಿಸುತ್ತೇವೆ, ಬೆಳೆಗಾರ ಕಾಫಿ ಮಾರಿದ ಮೇಲೆ, ಅಂದರೆ ಯುಗಾದಿಯ ಆಸುಪಾಸಿನಲ್ಲಿ, ಲೆಕ್ಕ ಚುಕ್ತಾ ಆಗುತ್ತದೆ. ಇದು ಸೀಮೆಯ ರೂಢಿ, ಇದರಲ್ಲಿ ಮೋಸವಿಲ್ಲ. ಆದರೆ ಬ್ಯಾಂಕಿನ ಕಂತು ಆಷಾಢದಲ್ಲೂ ಅಷ್ಟೇ, ಚೈತ್ರದಲ್ಲೂ ಅಷ್ಟೇ. ಬೆಳೆ ಸಾಲಕ್ಕೆ ಬೆಳೆಯ ಕಾಲಕ್ಕೆ ತಕ್ಕ ಮರುಪಾವತಿ ಇರುವಾಗ, ಆ ಬೆಳೆಯನ್ನೇ ನಂಬಿದ ಉದ್ಯಮಕ್ಕೂ ಹಾಗೆಯೇ ಇರಬಾರದೇಕೆ? ಜಿಲ್ಲೆಯ ಬ್ಯಾಂಕರುಗಳ ಸಭೆಯಲ್ಲಿ ಇದನ್ನು ತಾವು ಎತ್ತಬೇಕು. 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಸೂಕ್ಷ್ಮ, ಸಣ್ಣ ಉದ್ಯಮಗಳಿಂದ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದ್ದರೂ, ಶಾಖೆಗೆ ಹೋದವನಿಗೆ ಮೊದಲು ಕೇಳುವುದು ಪಹಣಿಯನ್ನೇ. ಅದನ್ನೂ ಅದೇ ಸಭೆಯಲ್ಲಿ ಪ್ರಸ್ತಾಪಿಸಬಹುದು.

ಬೆಳೆಗಾರರ ಬಾಕಿಗಿಂತ ನಮ್ಮನ್ನು ಹೆಚ್ಚು ಬಾಧಿಸುವುದು ಸರ್ಕಾರಿ ಸಂಸ್ಥೆಗಳ ಬಾಕಿ. ಒಂದು ಸಂಸ್ಥೆಗೆ, ಹೆಸರು ಇಲ್ಲಿ ಬೇಡ, ಯಂತ್ರ ಪೂರೈಸಿದ ನಂತರ ಕೊಯ್ಲು ಮುಗಿದು ಮರುವರ್ಷದ ಹೂಮಳೆ ಬಂದರೂ ನಮ್ಮ ಬಿಲ್ಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಲೇ ಇತ್ತು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯ್ದೆಯ ಪ್ರಕಾರ ಒಪ್ಪಂದ ಏನೇ ಇರಲಿ 45 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಖಾಸಗಿ ಕಂಪನಿಗಳು ಈಗೀಗ ಸ್ವಲ್ಪ ಎಚ್ಚೆತ್ತಿವೆ, ಏಕೆಂದರೆ ತಡವಾಗಿ ಕೊಟ್ಟ ಹಣವನ್ನು ಆ ವರ್ಷದ ಖರ್ಚಿನಲ್ಲಿ ತೋರಿಸಿ ತೆರಿಗೆ ಉಳಿಸಿಕೊಳ್ಳುವಂತಿಲ್ಲ ಎಂಬ ಆದಾಯ ತೆರಿಗೆಯ ಹೊಸ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆದಾಯ ತೆರಿಗೆಯನ್ನೇ ಕಟ್ಟದ ಸರ್ಕಾರಿ ಕಚೇರಿಗೆ ಆ ಭಯವಿಲ್ಲ. ದೂರು ಕೊಡಲು ಪರಿಷತ್ತೊಂದಿದೆ, 90 ದಿನಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆಯಲ್ಲಿ ಬರೆದಿದೆ. ಆದರೆ ನಾಳೆ ಮತ್ತೆ ಟೆಂಡರು ಹಾಕಬೇಕಾದ ಕಚೇರಿಯ ಮೇಲೆ ದೂರು ಕೊಡುವ ಧೈರ್ಯ ಎಷ್ಟು ಜನರಿಗಿದ್ದೀತು? ಬದಲಿಗೆ, ಜಿಲ್ಲೆಯ ಪ್ರತಿಯೊಂದು ಇಲಾಖೆಯಲ್ಲಿ 45 ದಿನ ದಾಟಿದ ಸಣ್ಣ ಉದ್ಯಮಗಳ ಬಿಲ್ಲುಗಳು ಎಷ್ಟಿವೆ ಎಂಬ ಪಟ್ಟಿಯನ್ನು ತಾವೇ ಸಭೆಯಲ್ಲಿ ತರಿಸಿಕೊಂಡರೆ, ಯಾರೂ ಯಾರ ಮೇಲೂ ದೂರು ಕೊಡುವ ಪ್ರಮೇಯ ಬರುವುದಿಲ್ಲ.

ವಿದ್ಯುತ್ತು, ರಸ್ತೆ, ಕೈಗಾರಿಕಾ ನಿವೇಶನದ ಬಗ್ಗೆ ಅನೇಕರು ಈಗಾಗಲೇ ತಮಗೆ ಮನವಿ ಕೊಟ್ಟಿದ್ದಾರೆ, ಅವನ್ನು ಮತ್ತೆ ಬರೆಯುವುದಿಲ್ಲ. ಜಿಲ್ಲಾಧಿಕಾರಿಗಳ ಏಕಗವಾಕ್ಷಿ ಸಮಿತಿಗೆ 15 ಕೋಟಿ ರೂಪಾಯಿವರೆಗಿನ ಯೋಜನೆಗಳಿಗೆ ಒಪ್ಪಿಗೆ ಕೊಡುವ ಅಧಿಕಾರವಿದೆ. ಅಲ್ಲಿ ಒಪ್ಪಿಗೆ ಪಡೆದವುಗಳಲ್ಲಿ ಎಷ್ಟು ಉತ್ಪಾದನೆ ಶುರುಮಾಡಿದವು, ಮಾಡದವು ಎಲ್ಲಿ ನಿಂತವು ಎಂಬುದನ್ನೂ ಅದೇ ಸಮಿತಿ ಪರಿಶೀಲಿಸಲಿ ಎಂಬುದಷ್ಟೇ ನನ್ನ ಕೋರಿಕೆ.

ಕಾಫಿ ಹುರಿಯುವ ಯುವಕ ಯುವತಿಯರ ಪರವಾಗಿಯೂ ಒಂದು ಮಾತು. ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿತು. ಆ ಹೆಸರನ್ನು ಪೊಟ್ಟಣದ ಮೇಲೆ ಹಾಕಿಕೊಳ್ಳಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು, ಪುಡಿಯ ಗುಣಮಟ್ಟದ ವರದಿಗೆ ಪ್ರಯೋಗಾಲಯ ಹುಡುಕಬೇಕು. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಈ ಎರಡೂ ಕೆಲಸಕ್ಕೆ ಒಬ್ಬರನ್ನು ನೇಮಿಸಿ, ವಾರಕ್ಕೊಮ್ಮೆ ಮಾದರಿಗಳನ್ನು ಒಟ್ಟಾಗಿ ಪ್ರಯೋಗಾಲಯಕ್ಕೆ ಕಳಿಸುವ ಏರ್ಪಾಡು ಮಾಡಿದರೆ ಬೆಂಗಳೂರಿಗೆ ಅಲೆಯುವುದು ತಪ್ಪುತ್ತದೆ.

ಮುಂದಿನ ಪ್ರಗತಿ ಪರಿಶೀಲನಾ ಸಭೆಯ ಕಾರ್ಯಸೂಚಿಯಲ್ಲಿ ಈ ಮೂರು ವಿಷಯಗಳಿಗೆ ಅರ್ಧ ಗಂಟೆ ಕೊಡಿಸಬೇಕೆಂದು ವಿನಂತಿಸುತ್ತೇನೆ: ಬರುವ ಕೊಯ್ಲಿನಲ್ಲೇ ಸ್ಥಳೀಯ ಯಂತ್ರಗಳ ಪರೀಕ್ಷೆ, ತೇರ್ಗಡೆಯಾದವುಗಳ ಮೊದಲ ಖರೀದಿ, ಮತ್ತು 45 ದಿನ ದಾಟಿದ ಬಿಲ್ಲುಗಳ ಪಟ್ಟಿ. ಅರೇಬಿಕಾ ಕೊಯ್ಲು ನವೆಂಬರ್ ವೇಳೆಗೆ ಆರಂಭವಾಗುವುದರಿಂದ ಪರೀಕ್ಷೆಯ ತೀರ್ಮಾನ ಮಳೆಗಾಲ ಮುಗಿಯುವುದರೊಳಗೆ ಆಗಬೇಕು. ಸಭೆಗೆ ಕರೆದರೆ ಯಂತ್ರಗಳ ನಕ್ಷೆ, ಖರ್ಚಿನ ಲೆಕ್ಕಗಳೊಂದಿಗೆ ನಾವು ನಾಲ್ಕಾರು ಜನ ತಯಾರಕರು ಹಾಜರಾಗುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಣ್ಣ ಕೈಗಾರಿಕೋದ್ಯಮಿ
ಚಿಕ್ಕಮಗಳೂರು