ಐಲಾ ದ್ವೀಪಕ್ಕೆ ಹೊರಟ ಗೆಳೆಯನಿಗೆ

ಪ್ರಿಯ ರವಿ,

ಹಕ್ಕಿ, ನೀರುನಾಯಿ ನೋಡಲು ಸ್ಕಾಟ್ಲೆಂಡಿನ ಐಲಾಗೆ ಜನವರಿಯಲ್ಲಿ ಹೋಗಬೇಕೆಂದಿದ್ದೀಯ. ಒಳ್ಳೆಯ ಕಾಲವನ್ನೇ ಆರಿಸಿಕೊಂಡೆ. ಗ್ರೀನ್‌ಲ್ಯಾಂಡಿನ ಹೆಬ್ಬಾತುಗಳು ಅಕ್ಟೋಬರ್‌ನಲ್ಲಿ ಬಂದಿಳಿದು ಏಪ್ರಿಲ್‌ವರೆಗೂ ಅಲ್ಲೇ ಇರುತ್ತವೆ. ಆದರೆ ಹಗಲು ಏಳೆಂಟು ಗಂಟೆಯಷ್ಟೇ, ದ್ವೀಪವನ್ನೆಲ್ಲ ಸುತ್ತುವ ಆಸೆ ಬಿಡು. ಮುಖ್ಯಭೂಮಿಯ ಬಂದರು ಕೆನ್ನಕ್ರೇಗ್‌ನಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆ. ಬಿರುಗಾಳಿಗೆ ಹಡಗು ರದ್ದಾಗುವುದು ಚಳಿಗಾಲದಲ್ಲಿ ಮಾಮೂಲು, ವಾಪಸಾಗಲು ಒಂದು ದಿನ ಹೆಚ್ಚಿಗೆ ಇಟ್ಟುಕೋ.

ಬೆಳಗ್ಗೆ ಎಂಟಕ್ಕೆ, ಇನ್ನೂ ನಸುಗತ್ತಲಿರುವಾಗಲೇ, ಲಾಕ್ ಗ್ರೂಯ್ನಾರ್ಟ್ ಎಂಬ ಕಡಲಚಾಚಿನ ದಡ ತಲುಪಿರು. ಕೆಸರುದಂಡೆಯಲ್ಲಿ ರಾತ್ರಿ ಕಳೆದ ಬಾರ್ನಕಲ್ ಹೆಬ್ಬಾತುಗಳು ನಾಯಿಮರಿಗಳಂತೆ ಬೊಗಳುತ್ತಾ ಹುಲ್ಲುಗಾವಲಿಗೆ ಹಾರುತ್ತವೆ. ಕಪ್ಪು ಕತ್ತು, ಬಿಳಿ ಮುಖ, ಗುರುತು ತಪ್ಪುವುದಿಲ್ಲ. ಅವುಗಳ ನಡುವೆ ಕಿತ್ತಳೆ ಕೊಕ್ಕಿನ ಕಂದು ಹಕ್ಕಿಗಳನ್ನು ಹುಡುಕು. ಅವು ಬಿಳಿಹಣೆಯ ಹೆಬ್ಬಾತುಗಳು, ಸಂಖ್ಯೆ ವರ್ಷಗಳಿಂದ ಇಳಿಯುತ್ತಿದೆ. ಹಣೆಯ ಬಿಳಿ, ಹೊಟ್ಟೆಯ ಕಪ್ಪು ಪಟ್ಟೆ ಎರಡೂ ಇಲ್ಲದಿದ್ದರೆ ಅದು ಆ ವರ್ಷದ ಮರಿ. ತಂದೆತಾಯಿ ಪಕ್ಕದಲ್ಲೇ ಇರುತ್ತವೆ.

ಕಾರಿನಿಂದ ಮಾತ್ರ ಇಳಿಯಬೇಡ. ಕಾರಿಗೆ ಹೆದರದ ಹಕ್ಕಿ ಮನುಷ್ಯನ ಆಕಾರ ಕಂಡರೆ ಏಳುತ್ತದೆ, ಅದರ ಹಿಂದೆ ಇಡೀ ಹಿಂಡು. ಚಳಿಯಲ್ಲಿ ಮೇದು ಕೂಡಿಸಿದ ಶಕ್ತಿಯೆಲ್ಲ ಹಾಗೆ ಪೋಲಾಗುವುದನ್ನು ನೋಡಲು ನನಗೆ ಸಂಕಟ. ಹೀಟರ್ ಆರಿಸಿ ಕಿಟಕಿ ಇಳಿಸು. ಒಳಗಿನ ಬಿಸಿಗಾಳಿ ಹೊರಗೆ ಹರಿದರೆ ದುರ್ಬೀನಿನಲ್ಲಿ ಎಲ್ಲವೂ ನಡುಗುತ್ತದೆ. 8x42 ದುರ್ಬೀನು (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ್ದು) ಸಾಕು. ರಸ್ತೆ ಒಂದೇ ಗಾಡಿಯ ಅಗಲ. ಎದುರಿನವರಿಗೆ ದಾರಿ ಬಿಡಲು ಮಾಡಿರುವ ಜಾಗದಲ್ಲಿ ನಿಲ್ಲಿಸಬೇಡ, ಒದ್ದೆ ಹುಲ್ಲಂಚಿಗೂ ಇಳಿಸಬೇಡ, ಚಕ್ರ ಹೂತುಹೋಗುತ್ತದೆ.

ನೀರುನಾಯಿ ನೋಡಲು ದ್ವೀಪದ ಪೋರ್ಟ್ ಆಸ್ಕೇಗ್ ಬಂದರಿನ ಬಳಿಯ ಜಲಸಂಧಿಗೆ ಹೋಗು. ಸಮುದ್ರ ಇಳಿದಿರುವ ಹೊತ್ತು ಒಳ್ಳೆಯದು, ಕೆಲ್ಪ್ ಪಾಚಿಯೊಳಗಿನ ಮೀನು ಹಿಡಿಯಲು ಅದು ಹೆಚ್ಚು ಆಳ ಮುಳುಗಬೇಕಿಲ್ಲ. ಸಣ್ಣ ತೊರೆ ಕಡಲು ಸೇರುವಲ್ಲಿ ಕಾದು ಕೂರು. ತುಪ್ಪಳದ ಉಪ್ಪು ತೊಳೆಯದಿದ್ದರೆ ಅದು ಬೆಚ್ಚಗಿಡುವುದಿಲ್ಲ, ಹಾಗಾಗಿ ಸಿಹಿನೀರಿಗೆ ಬರಲೇಬೇಕು. ಸೀಲನ್ನು ಕಂಡು ನೀರುನಾಯಿ ಎಂದುಕೊಳ್ಳಬೇಡ, ಸೀಲ್ ಸುಮ್ಮನೆ ಕೆಳಗಿಳಿಯುತ್ತದೆ. ನೀರುನಾಯಿ ಮುಳುಗುವಾಗ ಬೆನ್ನು ಬಾಗಿ ಕೊನೆಗೆ ಬಾಲದ ತುದಿ ಮೇಲೇಳುತ್ತದೆ. ಅದು ಮುಳುಗಿದಾಗ ಮಾತ್ರ ನೀನು ಮುಂದೆ ಸರಿ. ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ ತಲೆ ಎತ್ತುತ್ತದೆ, ಅಷ್ಟರಲ್ಲಿ ಕಲ್ಲಿನಂತೆ ನಿಂತಿರಬೇಕು. ಗಾಳಿ ನಿನ್ನ ಮುಖಕ್ಕೆ ಬೀಸುತ್ತಿರಲಿ, ವಾಸನೆ ಸಿಕ್ಕರೆ ಆಟ ಮುಗಿಯಿತು. ದೊಡ್ಡ ಮೀನು ಹಿಡಿದರೆ ದಡಕ್ಕೆ ತಂದು ತಿನ್ನುತ್ತದೆ. ಆಗ ಹತ್ತಿರ ಹೋಗದೆ ಕೂತಲ್ಲೇ ಕೂತು ನೋಡು.

ಗಾಳಿ ಜೋರಿದ್ದರೆ ಅಲೆಗಳಲ್ಲಿ ಅದರ ತಲೆ ಕಾಣುವುದೇ ಇಲ್ಲ. ಹಾಗಾದರೆ ಹಟ ಬೇಡ, ಬೋಮೋರ್ ಊರಿನ ಕಡೆಗೆ ಬಂದು ಲಾಕ್ ಇಂಡಾಲ್‌ನಲ್ಲಿ ದೊಡ್ಡ ಮುಳುಗುಹಕ್ಕಿ ಗ್ರೇಟ್ ನಾರ್ದರ್ನ್ ಡೈವರ್ ನೋಡು. ದಿಗಂತದ ಕಡೆಗೂ ಕಣ್ಣಿಟ್ಟಿರು. ಬಾಗಿಲಿನಂಥ ಅಗಲ ರೆಕ್ಕೆ ಕಂಡರೆ ಬಿಳಿಬಾಲದ ಕಡಲಹದ್ದು. ಬ್ರಿಟನ್ನಿನ ಕೊನೆಯ ಕಡಲಹದ್ದನ್ನು 1918ರಲ್ಲಿ ಕೊಂದಿದ್ದರು. 1975ರಿಂದ ನಾರ್ವೆಯ ಮರಿಗಳನ್ನು ತಂದು ರಮ್ ದ್ವೀಪದಲ್ಲಿ ಬಿಟ್ಟ ಮೇಲೆ ಈ ಕರಾವಳಿಗೆ ಮರಳಿವೆ.

ಹೊರಡುವ ತಾರೀಖು ಗೊತ್ತಾದ ಕೂಡಲೇ ಬರೆ. ಆ ದಿನದ ಇಳಿತದ ಹೊತ್ತು ನೋಡಿ, ಗ್ರೂಯ್ನಾರ್ಟ್ ಆದ ಮೇಲೆ ಎಷ್ಟಕ್ಕೆ ಹೊರಡಬೇಕೆಂದು ತಿಳಿಸುತ್ತೇನೆ.

ನಿನ್ನ,
ಗೆಳೆಯ